ಕೆರೆದದ್ದರ ಪುಣ್ಯ, ಕೊರೆದದ್ದರ ಖಾತೆಗೆ

ಮೊಪೆಡ್ ತಂದು ಮೆಕ್ಯಾನಿಕ್ ಅಂಗಡಿಯ ಮುಂದೆ ಸ್ಟ್ಯಾಂಡ್ ಹಾಕಿದವನ ದೂರು ಹೆಚ್ಚಾಗಿ ಎರಡೇ ಪದಗಳದು: ‘ಪಿಕಪ್ ಇಲ್ಲ.’ ಈ ಪಿಕಪ್ ಎಂಬ ಮಾತು ನಮ್ಮ ಬೀದಿಗಳಲ್ಲಿ ಮೂರು ಬೇರೆ ಬೇರೆ ಸಂಗತಿಗಳ ಭಾರ ಹೊತ್ತಿದೆ. ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಗಾಡಿ ಮುಂದಕ್ಕೆ ಜಿಗಿಯುವುದೂ ಪಿಕಪ್, ಮೂಟೆ ಹೇರಿಕೊಂಡು ಏರು ಹತ್ತುವುದೂ ಪಿಕಪ್, ಸಮತಟ್ಟಾದ ರಸ್ತೆಯಲ್ಲಿ ಪಕ್ಕದವನನ್ನು ಹಿಂದೆ ಹಾಕುವುದೂ ಪಿಕಪ್. ಎಂಜಿನ್ನಿನ ಲೆಕ್ಕದಲ್ಲಿ ಇವು ಬೇರೆ ಬೇರೆ. ಒಂದನ್ನು ಹೆಚ್ಚಿಸಲು ಹೋದರೆ ಇನ್ನೊಂದು ಕಡಿಮೆಯಾಗುವುದೇ ಹೆಚ್ಚು. ಆದರೆ ದೂರು ಒಂದೇ ಆದದ್ದರಿಂದ ಮದ್ದೂ ಒಂದೇ ಡಬ್ಬಿಯಿಂದ ಬಂತು: ಜೆಟ್ ಬದಲಿಸು, ಹೆಡ್ ಕಟಿಂಗ್ ಮಾಡಿಸು, ಪೋರ್ಟ್ ಉಜ್ಜು, ಸೈಲೆನ್ಸರ್ ತೂತು ಮಾಡು, ಬೋರ್ ಮಾಡಿಸು. ಮದ್ದು ಕುಡಿದ ಎಷ್ಟೋ ಎಂಜಿನ್ನುಗಳು ಕೆಲವು ತಿಂಗಳಲ್ಲೇ ಪಿಸ್ಟನ್ ಹಿಡಿದು ನಿಂತವು. ನುರಿತ ಕೈಗಳಿಗೆ ಬರವೇ ಇಲ್ಲದ ಪಶ್ಚಿಮ ಬೆಂಗಳೂರಿನಲ್ಲಿ ಇವೇ ತಪ್ಪುಗಳು ದಶಕಗಳ ಕಾಲ ಏಕೆ ಮರುಕಳಿಸಿದವು ಎಂಬುದು ನನ್ನ ಪ್ರಶ್ನೆ. ಮೆಕ್ಯಾನಿಕ್‌ಗಳಿಗೆ ಓದಿಲ್ಲ, ಹುಡುಗರಿಗೆ ಬುದ್ಧಿಯಿಲ್ಲ ಎಂಬ ರೂಢಿಯ ಉತ್ತರ ಸುಲಭ, ಪುರಾವೆಗೆ ಹೊಂದುವುದಿಲ್ಲ.

ಮೊದಲು ಊರನ್ನೇ ನೋಡಬೇಕು. ರಾಜಾಜಿನಗರ ಹುಟ್ಟಿದ್ದೇ ಕೈಗಾರಿಕಾ ಉಪನಗರವಾಗಿ, 1949ರಲ್ಲಿ. ಜಾಲಹಳ್ಳಿಯಲ್ಲಿ ಎಚ್‌ಎಂಟಿ 1953ರಲ್ಲಿ ಆರಂಭವಾಯಿತು. ಲೇತು ಎಂಬ ಯಂತ್ರ ಬೆಂಗಳೂರಿನ ಸಾವಿರಾರು ಮನೆಗಳ ಅನ್ನದ ಮಾತಾಯಿತು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಬಂತು. ಅಚ್ಚು, ಡೈ, ಗೇಜುಗಳನ್ನು ಮೈಕ್ರಾನ್ ಲೆಕ್ಕದಲ್ಲಿ ತಯಾರಿಸುವ ವಿದ್ಯೆ ಅಲ್ಲಿಂದ ಕಾಮಾಕ್ಷಿಪಾಳ್ಯ, ಪೀಣ್ಯಗಳ ಚಿಕ್ಕ ಷೆಡ್ಡುಗಳವರೆಗೂ ಹರಿಯಿತು. ನಾಗರಬಾವಿ ಈ ಲೋಕದ ದಕ್ಷಿಣದ ಅಂಚು. ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ, ವೃಷಭಾವತಿಯ ಕಡೆಗೆ ಇಳಿಯುವ ನೆಲದಲ್ಲಿ, ಜ್ಞಾನಭಾರತಿ ಆವರಣದ ನೆರೆಯಲ್ಲಿ ಬಿಡಿಎ ಹಂತ ಹಂತವಾಗಿ ನಿವೇಶನ ಹಂಚಿ ಕಟ್ಟಿದ ಬಡಾವಣೆ ಅದು. ಬಸ್ಸು ಒಳಗಿನ ಅಡ್ಡರಸ್ತೆಗಳಿಗೆ ಬರುವ ಮೊದಲೇ ಮನೆಗಳು ಎದ್ದಿದ್ದ ಇಂಥ ಬಡಾವಣೆಗಳಲ್ಲಿ ಹಾಲು, ಪೇಪರು, ಸೊಪ್ಪು, ಗ್ಯಾಸ್ ಸಿಲಿಂಡರು ಬಾಗಿಲಿಗೆ ಬಂದದ್ದು ಸೈಕಲ್ಲಿನ ಮೇಲೆ, ಆಮೇಲೆ ಮೊಪೆಡ್ಡಿನ ಮೇಲೆ. ಕಾರ್ಖಾನೆಯ ಪಾಳಿಗೆ ಹೋಗುವವನ ಗಾಡಿಯೂ ಅದೇ. ಲೋಹ ಬಲ್ಲವನೂ ಮೊಪೆಡ್ ಓಡಿಸುವವನೂ ಒಂದೇ ಬೀದಿಯವರು, ಕೆಲವೊಮ್ಮೆ ಒಬ್ಬನೇ ಮನುಷ್ಯ.

ಪುಣೆಯ ಕೈನೆಟಿಕ್ ಎಂಜಿನಿಯರಿಂಗ್ ಇಟಲಿಯ ಪಿಯಾಜಿಯೊ ಕಂಪನಿಯ ಚಾವ್ ಗಾಡಿಯನ್ನು ಮಾದರಿಯಾಗಿಟ್ಟುಕೊಂಡು 50 ಸಿಸಿಯ ಲೂನಾ ತಂದದ್ದೂ 1972ರಲ್ಲೇ. ಬೆಂಗಳೂರಿಗೆ ಹತ್ತಿರದ ಸುದ್ದಿ ಬಂದದ್ದು 1980ರಲ್ಲಿ, ನಲವತ್ತು ಕಿಲೋಮೀಟರ್ ಆಚೆಯ ಹೊಸೂರಿನಿಂದ: ಇಬ್ಬರು ಕೂರಬಹುದಾದ ಟಿವಿಎಸ್ 50. ಅದರ ವಂಶದಲ್ಲೇ ಮುಂದೆ 69.9 ಸಿಸಿಯ ಎಕ್ಸ್‌ಎಲ್ ಸೂಪರ್ ಬಂತು. 46 ಮಿಲಿಮೀಟರ್ ಬೋರು, 42 ಮಿಲಿಮೀಟರ್ ಸ್ಟ್ರೋಕು, 5000 ಸುತ್ತಿನಲ್ಲಿ ಸುಮಾರು ಮೂರೂವರೆ ಅಶ್ವಶಕ್ತಿ. ಈ ನಡುವೆ, 1985ರಲ್ಲಿ, ಇನ್ನೊಂದು ಗಾಡಿ ಬಂದು ಹುಡುಗರ ತಲೆ ಕೆಡಿಸಿತು. ಯಮಹಾ ಆರ್‌ಎಕ್ಸ್ 100 ಬರೀ 98 ಸಿಸಿಯಲ್ಲಿ 11 ಅಶ್ವಶಕ್ತಿ ಕೊಡುತ್ತಿತ್ತು. ಇದೂ ಟೂ ಸ್ಟ್ರೋಕ್, ಅದೂ ಟೂ ಸ್ಟ್ರೋಕ್. ಸಿಸಿಗೆ ಸಿಸಿ ಹೋಲಿಸಿದರೆ ಮೊಪೆಡ್ ಅರ್ಧದಷ್ಟೂ ಕೊಡುತ್ತಿಲ್ಲ. ಹಾಗಿದ್ದರೆ ಉಳಿದರ್ಧವನ್ನು ಕಂಪನಿಯವರು ಒಳಗೇ ಬಚ್ಚಿಟ್ಟಿದ್ದಾರೆ, ಕೊರೆದು ಹೊರತೆಗೆಯಬಹುದು ಎಂಬ ನಂಬಿಕೆ ಹುಟ್ಟಿದ್ದು ಈ ಹೋಲಿಕೆಯಿಂದ. ಪೋರ್ಟಿಂಗ್, ಎಕ್ಸ್‌ಪ್ಯಾನ್ಷನ್, ಹೆಡ್ ಕಟಿಂಗ್ ಎಂಬ ಪದಗಳು ಗ್ಯಾರೇಜುಗಳಲ್ಲಿ ಸಲೀಸಾದದ್ದು ಆರ್‌ಎಕ್ಸ್ ಕೆಲಸದಿಂದ; ಮೊಪೆಡ್ಡಿಗೆ ಅವು ಎರವಲು ಬಂದವು.

ಎರವಲು ಬಂದ ಪಾಠದಲ್ಲಿ ಒಂದು ಪುಟ ಹರಿದಿತ್ತು. ಆರ್‌ಎಕ್ಸ್‌ಗೆ ನಾಲ್ಕು ಗೇರು. ಅದರ ಎಂಜಿನ್ನು ಮೇಲಿನ ಸುತ್ತುಗಳಲ್ಲಷ್ಟೇ ಚುರುಕಾದರೂ ಸವಾರ ಗೇರು ಬದಲಿಸುತ್ತ ಅದನ್ನು ಅಲ್ಲೇ ಇರಿಸಿಕೊಳ್ಳಬಲ್ಲ. ಮೊಪೆಡ್ಡಿಗೆ ಒಂದೇ ಗೇರು, ಜೊತೆಗೆ ಸುತ್ತು ಏರಿದಂತೆ ತಾನಾಗಿ ಹಿಡಿಯುವ ಕ್ಲಚ್ಚು. ನಿಂತಲ್ಲಿಂದ ಹೊರಡುವುದು, ನಡಿಗೆಯ ವೇಗದಲ್ಲಿ ಏರು ಹತ್ತುವುದು, ನಲವತ್ತರಲ್ಲಿ ಓಡುವುದು ಇಷ್ಟನ್ನೂ ಅದೇ ಎಂಜಿನ್ನು ಅದೇ ಹಲ್ಲಿನಲ್ಲಿ ಮಾಡಬೇಕು. ಹೊಸೂರಿನವರು ಶಕ್ತಿಯನ್ನು ಬಚ್ಚಿಟ್ಟಿರಲಿಲ್ಲ, ತೆಳ್ಳಗೆ ಉದ್ದಕ್ಕೂ ಹರಡಿದ್ದರು. ಪೋರ್ಟ್ ಉಜ್ಜಿದವನು ಈ ಹರಡಿದ್ದನ್ನು ಗುಡ್ಡೆ ಹಾಕಲು ಹೊರಟ. ಸಿಲಿಂಡರಿನ ಎಗ್ಸಾಸ್ಟ್ ಕಿಂಡಿಯ ಮೇಲಂಚನ್ನು ಎರಡು ಮಿಲಿಮೀಟರ್ ಏರಿಸಿದರೆ ಆ ಕಿಂಡಿ ಬೇಗ ತೆರೆಯುತ್ತದೆ, ತಡವಾಗಿ ಮುಚ್ಚುತ್ತದೆ. ಹೊಗೆ ಬೇಗ ಹೋಗುತ್ತದೆ ಎಂಬುದು ನಿಜ. ಆದರೆ 42 ಮಿಲಿಮೀಟರ್ ಓಟದಲ್ಲಿ ಎರಡು ಮಿಲಿಮೀಟರ್ ಎಂದರೆ ನೂರಕ್ಕೆ ಸುಮಾರು ಐದು. ಕಡಿಮೆ ಸುತ್ತಿನಲ್ಲಿ ಓಟದ ಅಷ್ಟು ಭಾಗದಲ್ಲಿ ಪಿಸ್ಟನ್ನು ಹೊಸ ಮಿಶ್ರಣವನ್ನು ಒತ್ತದೆ ಹೊರಗೇ ತಳ್ಳುತ್ತದೆ. ಖಾಲಿ ರಸ್ತೆಯಲ್ಲಿ ಗಾಡಿ ಸ್ವಲ್ಪ ಹೆಚ್ಚು ಓಡಿತು, ನಾಗರಬಾವಿಯ ಏರಿನಲ್ಲಿ ಇಬ್ಬರನ್ನು ಹೊತ್ತು ಉಸಿರು ಬಿಟ್ಟಿತು. ದೂರು ಕೊಟ್ಟವನಿಗೆ ಬೇಕಿದ್ದ ಪಿಕಪ್ ಯಾವುದು ಎಂದು ಯಾರೂ ಕೇಳಿರಲಿಲ್ಲ.

ಸೈಲೆನ್ಸರಿನ ತಪ್ಪು ಇದಕ್ಕಿಂತ ಸ್ವಾರಸ್ಯದ್ದು, ಏಕೆಂದರೆ ಅದರ ಹಿಂದೆ ಒಂದು ದೊಡ್ಡ ಕಥೆಯಿದೆ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆಕೊಳವೆ ಬರೀ ಹೊಗೆ ಸಾಗಿಸುವ ಚರಂಡಿಯಲ್ಲ. ಪೂರ್ವ ಜರ್ಮನಿಯ ತ್ಶೋಪಾವ್ ಊರಿನ ಎಂಜಡ್ ಕಾರ್ಖಾನೆಯಲ್ಲಿ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರ್ 1950ರ ದಶಕದಲ್ಲಿ ಇದನ್ನು ಪಟ್ಟುಹಿಡಿದು ಸಾಧಿಸಿ ತೋರಿಸಿದ. ಕೊಳವೆ ಅಗಲವಾಗಿ ಮತ್ತೆ ಕಿರಿದಾದರೆ ಒತ್ತಡದ ಅಲೆ ಹಿಂತಿರುಗಿ ಬಂದು, ತಪ್ಪಿಸಿಕೊಂಡು ಹೋಗುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿನೊಳಕ್ಕೆ ಮರಳಿ ನೂಕುತ್ತದೆ. ಅವನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ಸ್ವೀಡನ್ನಿನ ರೇಸಿನ ಸಮಯದಲ್ಲಿ ಪಶ್ಚಿಮಕ್ಕೆ ಪರಾರಿಯಾಗಿ ವಿದ್ಯೆಯನ್ನು ಸುಜುಕಿಗೆ ಒಯ್ದ; ಮರುವರ್ಷವೇ ಸುಜುಕಿಯ ಮೇಲೆ 50 ಸಿಸಿ ವಿಶ್ವ ಪಟ್ಟ ಗೆದ್ದ. ಇಪ್ಪತ್ತೆರಡು ವರ್ಷದ ಮೇಲೆ, 1984ರಲ್ಲಿ, ಅದೇ ಸುಜುಕಿ ಟಿವಿಎಸ್ ಜೊತೆಗೂಡಿ ಹೊಸೂರಿನಲ್ಲಿ ಬೈಕು ತಯಾರಿಸತೊಡಗಿತು ಎಂಬುದು ಚರಿತ್ರೆಯ ಚೇಷ್ಟೆ. ಈ ಅಲೆಯ ಓಡಾಟಕ್ಕೆ ಸಿಗುವ ಕಾಲ ಎಷ್ಟು? 5000 ಸುತ್ತಿನಲ್ಲಿ ಒಂದು ಸುತ್ತಿಗೆ 12 ಮಿಲಿಸೆಕೆಂಡು; ಕಿಂಡಿ 150 ಡಿಗ್ರಿಯಷ್ಟು ತೆರೆದಿರುತ್ತದೆ ಎಂದುಕೊಂಡರೆ ಐದೇ ಮಿಲಿಸೆಕೆಂಡು. ಕೊಳವೆಯ ಉದ್ದ, ಅಗಲ, ತುದಿಯ ತೂತು ಎಲ್ಲವೂ ಈ ಐದು ಮಿಲಿಸೆಕೆಂಡಿನ ಲೆಕ್ಕ. ಒಳಗಿನ ಪೈಪು ಕಿತ್ತು, ತುದಿಗೆ ತೂತು ಹೊಡೆದವನು ಈ ಲೆಕ್ಕವನ್ನೇ ಅಳಿಸಿಹಾಕಿ ಬದಲಿಗೆ ಸದ್ದು ಪಡೆದ. ಸದ್ದು ಹೆಚ್ಚಾದಾಗ ವೇಗ ಹೆಚ್ಚಾದಂತೆ ಅನ್ನಿಸುವುದು ಮನುಷ್ಯಸಹಜ. ಮೊಪೆಡ್ಡಿನ ಸ್ಪೀಡೋಮೀಟರ್ ಕೇಬಲ್ಲು ತುಂಡಾಗಿ ವರ್ಷವಾಗಿದ್ದರೆ ಕೇಳುವುದೇ ಬೇಡ.

ಜೆಟ್ಟಿನ ವಿಷಯದಲ್ಲಿ ಮೆಕ್ಯಾನಿಕ್‌ನ ವಾದಕ್ಕೆ ನಿಜವಾದ ಆಧಾರವಿತ್ತು ಎಂದು ಒಪ್ಪಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಗಾಳಿ ಕರಾವಳಿಗಿಂತ ನೂರಕ್ಕೆ ಎಂಟು ಹತ್ತರಷ್ಟು ತೆಳು. ಅಷ್ಟರಮಟ್ಟಿಗೆ ಎಂಜಿನ್ನಿನ ಬಲವೂ ತಗ್ಗುತ್ತದೆ, ಕೆಳನಾಡಿಗೆ ಹೊಂದಿಸಿದ ಕಾರ್ಬ್ಯುರೇಟರ್ ಇಲ್ಲಿ ಪೆಟ್ರೋಲನ್ನು ತುಸು ಹೆಚ್ಚಾಗಿಯೇ ಕುಡಿಸುತ್ತದೆ. ಜೆಟ್ ಒಂದು ನಂಬರ್ ಕಿರಿದು ಮಾಡಿದರೆ ಗಾಡಿ ಹಗುರಾಗಿ ಓಡುತ್ತದೆ, ಮೈಲೇಜೂ ಕೊಡುತ್ತದೆ. (ಹೊಸೂರೂ ಹೆಚ್ಚುಕಡಿಮೆ ಇದೇ ಎತ್ತರದಲ್ಲಿದೆ ಎಂಬುದನ್ನು ವಾದ ಮಾಡುವವರು ಮರೆಯುತ್ತಿದ್ದರು.) ತೊಂದರೆ ಬಂದದ್ದು ಎರಡನೇ ನಂಬರ್ ಇಳಿಸಿದಾಗ. ಏಪ್ರಿಲ್ ಮಧ್ಯಾಹ್ನದ ಬಿಸಿಗಾಳಿಯಲ್ಲಿ ಸರಿಹೊಂದಿಸಿದ ಜೆಟ್ಟು ಡಿಸೆಂಬರ್ ಬೆಳಗಿನ ದಪ್ಪ ಚಳಿಗಾಳಿಯಲ್ಲಿ ಸಾಲುವುದಿಲ್ಲ. 35 ಡಿಗ್ರಿಗೂ 15 ಡಿಗ್ರಿಗೂ ಗಾಳಿಯ ಸಾಂದ್ರತೆಯಲ್ಲಿ ನೂರಕ್ಕೆ ಏಳರಷ್ಟು ಅಂತರವಿದೆ. ಅದಕ್ಕಿಂತ ಸೂಕ್ಷ್ಮವಾದದ್ದು ಎಣ್ಣೆಯ ಲೆಕ್ಕ. ಈ ಗಾಡಿಗಳಲ್ಲಿ ಪಿಸ್ಟನ್ನಿಗೆ ಹೋಗುವ ಎಣ್ಣೆ ಪೆಟ್ರೋಲಿನಲ್ಲೇ ಬೆರೆತಿರುತ್ತದೆ. ಪೆಟ್ರೋಲಿಗೆ ಬಾಗಿಲು ಕಿರಿದು ಮಾಡಿದವನು ಎಣ್ಣೆಗೂ ಮಾಡಿದ. ಬೆಂಕಿ ಹೆಚ್ಚು ಬಿಸಿಯಾದ ಹೊತ್ತಿನಲ್ಲೇ ಎಣ್ಣೆ ಕಡಿಮೆಯಾಯಿತು. ಇದನ್ನು ಅರಿತ ಕೆಲವರು ಬಂಕಿನಲ್ಲಿ ‘2ಟಿ ಆಯಿಲ್ ಒಂದಿಷ್ಟು ಜಾಸ್ತಿ ಹಾಕಿ, ಎಂಜಿನ್ ತಂಪಾಗಿರುತ್ತೆ’ ಎಂದರು. ಆದರೆ ಅದೇ ಜೆಟ್ಟಿನಲ್ಲಿ ಎಣ್ಣೆ ಹೆಚ್ಚು ಹೋದರೆ ಪೆಟ್ರೋಲ್ ಕಡಿಮೆ ಹೋಗುತ್ತದೆ, ಮಿಶ್ರಣ ಇನ್ನೂ ಬಡವಾಗುತ್ತದೆ, ಕರಿಯೂ ಬೇಗ ಕಟ್ಟುತ್ತದೆ.

ಲೇತು ಬಲ್ಲವರ ಸ್ವಂತ ಕ್ಷೇತ್ರವೆಂದರೆ ಹೆಡ್ಡು ಮತ್ತು ಬೋರು. ಅಲ್ಲಿನ ಅಂಕಿಗಳನ್ನು ಕಾಗದದ ಮೇಲೆ ಹಾಕಿ ನೋಡಿದರೆ ಆಶ್ಚರ್ಯವಾಗುತ್ತದೆ. ಎಕ್ಸ್‌ಎಲ್ ಸೂಪರಿನ ಬೋರನ್ನು ಪೂರಾ ಒಂದು ಮಿಲಿಮೀಟರ್, ಅಂದರೆ ಅಂಗಡಿಯ ಭಾಷೆಯಲ್ಲಿ ‘ಹಂಡ್ರೆಡ್’ ಪಿಸ್ಟನ್ನಿಗೆ, ಹಿಗ್ಗಿಸಿದರೂ ಸಿಗುವುದು ಸುಮಾರು 72.9 ಸಿಸಿ. ಮೂರು ಸಿಸಿ ಲಾಭ, ನೂರಕ್ಕೆ ನಾಲ್ಕೂ ಚಿಲ್ಲರೆ. ಹೆಡ್ಡಿನಿಂದ ಅರ್ಧ ಮಿಲಿಮೀಟರ್ ತೆಗೆದರೆ ಮೇಲಿನ ಜಾಗ 0.8 ಸಿಸಿಯಷ್ಟು ಕಿರಿದಾಗುತ್ತದೆ. ಕಂಪ್ರೆಷನ್ 8ಕ್ಕೆ 1 ಇತ್ತು ಎಂದಿಟ್ಟುಕೊಂಡರೆ 8.6ಕ್ಕೆ ಏರುತ್ತದೆ. ಈ ಎರಡನೆಯದು ನಿಜಕ್ಕೂ ಎಳೆತ ಕೊಡುವ ಕೆಲಸ. ಆದರೆ ಆಗ ಬಂಕಿನಲ್ಲಿ ಸಿಗುತ್ತಿದ್ದ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ 87ರ ಆಸುಪಾಸು. ಸೀಮೆಎಣ್ಣೆ ಬೆರೆತಿದ್ದರೆ ಇನ್ನೂ ಕೆಳಗೆ. ಭಾರ ಹೊತ್ತು ಏರು ಹತ್ತುವಾಗ ಅಂಥ ಪೆಟ್ರೋಲು ಹೊತ್ತಿಗೆ ಮುಂಚೆ ಸಿಡಿದು ಪಿಸ್ಟನ್ನಿನ ತಲೆಯನ್ನೇ ತಿನ್ನುತ್ತದೆ. ಬೋರಿನಲ್ಲಿ ಇನ್ನೊಂದು ವಿಪರ್ಯಾಸ: ಇಲ್ಲಿ ಕೈ ಕೆಟ್ಟದ್ದರಿಂದಲ್ಲ, ತೀರಾ ಒಳ್ಳೆಯದಾದದ್ದರಿಂದ ತಪ್ಪಾಯಿತು. ಗೇಜಿನ ಕೆಲಸದಲ್ಲಿ ಪಳಗಿದವನಿಗೆ ಬಿಗಿಯಾದ ಫಿಟ್ಟಿಂಗ್ ಎಂದರೆ ಒಳ್ಳೆಯ ಫಿಟ್ಟಿಂಗ್. ಆದರೆ ಅಲ್ಯೂಮಿನಿಯಂ ಬೀಡುಕಬ್ಬಿಣದ ಎರಡು ಪಟ್ಟು ಹಿಗ್ಗುತ್ತದೆ. ನೂರು ಡಿಗ್ರಿ ಬಿಸಿ ಏರಿದರೆ 46 ಮಿಲಿಮೀಟರ್ ಪಿಸ್ಟನ್ನು 0.1 ಮಿಲಿಮೀಟರ್ ಉಬ್ಬುತ್ತದೆ, ಸಿಲಿಂಡರು ಅದರ ಅರ್ಧ. ತಣ್ಣಗಿದ್ದಾಗ ಅಂಗಡಿಯಲ್ಲಿ ನುಣ್ಣಗೆ ಜಾರಿದ ಪಿಸ್ಟನ್ನು ಬಿಸಿಯಾದಾಗ ಕಚ್ಚಿಕೊಂಡಿತು.

ಇಷ್ಟು ಚಿಕ್ಕ ಲಾಭ, ಇಷ್ಟು ದೊಡ್ಡ ನಷ್ಟ. ಆದರೂ ಗಿರಾಕಿ ಅಂಗಡಿಯಿಂದ ಹೊರಟಾಗ ‘ಈಗ ಪಿಕಪ್ ಬಂತು’ ಎಂದೇ ಹೇಳಿದ, ಮತ್ತು ಅವನು ಸುಳ್ಳು ಹೇಳಲಿಲ್ಲ. ನನ್ನ ವಾದದ ಗಂಟು ಇರುವುದು ಇಲ್ಲಿ. ಎಣ್ಣೆ ಸುಡುವ ಈ ಎಂಜಿನ್ನುಗಳಲ್ಲಿ ಎಗ್ಸಾಸ್ಟ್ ಕಿಂಡಿ, ಪಿಸ್ಟನ್ನಿನ ತಲೆ, ಸೈಲೆನ್ಸರಿನ ಒಳಗೊಡೆ ಎಲ್ಲ ಕಡೆ ಕರಿ ಕಟ್ಟುತ್ತದೆ. ಕಿಂಡಿ ಕಿರಿದಾದಷ್ಟೂ ಗಾಡಿ ಸೊರಗುತ್ತದೆ, ಆದರೆ ದಿನದಿನಕ್ಕೆ ಇಷ್ಟಿಷ್ಟೇ ಸೊರಗುವುದರಿಂದ ಸವಾರನಿಗೆ ತಿಳಿಯುವುದಿಲ್ಲ. ‘ಪಿಕಪ್ ಇಲ್ಲ’ ಎಂಬ ದೂರಿನ ಹೆಚ್ಚಿನ ಪಾಲು ಈ ಕರಿಯದ್ದೇ. ಈಗ, ಹೆಡ್ ಕಟಿಂಗ್ ಮಾಡಬೇಕಾದರೆ ಹೆಡ್ಡು ಬಿಚ್ಚಬೇಕು. ಬಿಚ್ಚಿದವನು ಪಿಸ್ಟನ್ನಿನ ಮೇಲಿನ ಕರಿ ಕೆರೆಯದೆ ಮುಚ್ಚುವುದಿಲ್ಲ. ಪೋರ್ಟ್ ಉಜ್ಜುವವನ ಅರ ಮೊದಲು ತೆಗೆಯುವುದು ಕರಿಯನ್ನು, ಆಮೇಲೆ ಲೋಹವನ್ನು. ಸೈಲೆನ್ಸರ್ ತೂತು ಮಾಡುವ ಮುನ್ನ ಅದನ್ನು ಬೆಂಕಿಗೆ ಹಾಕಿ ಸುಟ್ಟು ಬಡಿದು ಕರಿ ಉದುರಿಸುವುದು ವಾಡಿಕೆ. ಬೋರ್ ಮಾಡಿಸಿದರೆ ಹೊಸ ಪಿಸ್ಟನ್ನು, ಹೊಸ ರಿಂಗು ಬಂದೇ ಬರುತ್ತವೆ. ಸೋರುತ್ತಿದ್ದ ಒತ್ತಡ ನಿಲ್ಲುತ್ತದೆ. ಜೆಟ್ ಬದಲಿಸಲು ಬಿಚ್ಚಿದ ಕಾರ್ಬ್ಯುರೇಟರನ್ನು ಪೆಟ್ರೋಲಿನಲ್ಲಿ ತೊಳೆದು ಊದದೆ ಯಾರೂ ಮರಳಿ ಕೂರಿಸುವುದಿಲ್ಲ. ಹೀಗೆ ಪ್ರತಿಯೊಂದು ತಪ್ಪಿನ ಜೊತೆಗೂ ಒಂದು ಸರಿಯಾದ ಕೆಲಸ ಬಿಟ್ಟಿ ಬಂತು, ಗಾಡಿಗೆ ಜೀವ ಬಂತು, ಹೆಸರು ಮಾತ್ರ ಕೊರೆದದ್ದಕ್ಕೆ ಹೋಯಿತು. ತಿಂಗಳುಗಳ ಮೇಲೆ ಪಿಸ್ಟನ್ ಹಿಡಿದಾಗ ಬೈಸಿಕೊಂಡದ್ದು ಕೆಟ್ಟ ಆಯಿಲ್ಲು, ಕಲಬೆರಕೆ ಪೆಟ್ರೋಲು, ಡೂಪ್ಲಿಕೇಟ್ ಪಿಸ್ಟನ್ನು. ಲಾಭ ಆ ದಿನವೇ ಕಣ್ಣಿಗೆ ಕಾಣುತ್ತಿತ್ತು, ನಷ್ಟ ತಡವಾಗಿ ಬೇರೆ ಯಾರದೋ ಹೆಸರಿನಲ್ಲಿ ಬರುತ್ತಿತ್ತು. ಇಂಥ ಲೆಕ್ಕಪುಸ್ತಕದಿಂದ ಎಂಥ ಜಾಣನೂ ಪಾಠ ಕಲಿಯಲಾರ.

ಇದಕ್ಕೆ ಆಕ್ಷೇಪಗಳಿವೆ. ರೇಸಿನವರು ಇದೇ ಕೊರೆತದಿಂದ ಗೆದ್ದರಲ್ಲ ಎಂಬುದು ಮೊದಲನೆಯದು. ಟಿವಿಎಸ್ಸೇ 1982ರಲ್ಲಿ ತನ್ನ ರೇಸಿಂಗ್ ತಂಡ ಕಟ್ಟಿತ್ತು. ಮದರಾಸಿನ ಬಳಿಯ ಶೋಳಾವರಂ ಹಳೆ ವಿಮಾನದಾರಿಯ ರೇಸುಗಳಿಗೆ ಬೆಂಗಳೂರಿನಿಂದ ಸವಾರರೂ ಮೆಕ್ಯಾನಿಕ್‌ಗಳೂ ಹೋಗುತ್ತಿದ್ದರು. ಗೆದ್ದದ್ದು ನಿಜ. ಆದರೆ ರೇಸಿನ ಎಂಜಿನ್ನು ಬಾಳಬೇಕಾದದ್ದು ಕೆಲವು ಸುತ್ತು; ಒಂದು ರೇಸು ಮುಗಿದರೆ ಅದನ್ನು ಬಿಚ್ಚಿ ನೋಡುತ್ತಾರೆ, ಪೂರಾ ಬಿಟ್ಟು ಓಡಿಸುತ್ತಾರೆಯೇ ಹೊರತು ಸೊಪ್ಪಿನ ಮೂಟೆ ಹೇರಿ ಸಿಗ್ನಲ್ಲಿನಲ್ಲಿ ನಿಲ್ಲಿಸುವುದಿಲ್ಲ. ಅಲ್ಲಿ ಸರಿಯಾದದ್ದು ಮಾಗಡಿ ರಸ್ತೆಯಲ್ಲಿ ತಪ್ಪಾಗುವುದರಲ್ಲಿ ವಿರೋಧವೇನಿಲ್ಲ. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಅಳೆಯುವ ಯಂತ್ರವೇ ಇಲ್ಲದ ಬೀದಿ ಬದಿಯವನನ್ನು ಇಂದಿನ ಜ್ಞಾನದಿಂದ ತೂಗುವುದು ನ್ಯಾಯವೇ? ಶಕ್ತಿ ಅಳೆಯುವ ಡೈನಮೋಮೀಟರ್ ಅವನ ಪಾಲಿಗೆ ಇರಲಿಲ್ಲ, ನಿಜ. ಮೈಕ್ರಾನ್ ಅಳೆಯುವ ಊರು ಅಶ್ವಶಕ್ತಿಯನ್ನು ಕಿವಿಯಿಂದ ಅಂದಾಜು ಮಾಡಿತು. ಆದರೆ ಒಂದು ಏರು, ಒಂದು ಗಡಿಯಾರ, ಒಂದು ಅಕ್ಕಿ ಮೂಟೆ ಇದ್ದರೆ ಸಾಕಿತ್ತು: ಕರಿ ಕೆರೆದು ಒಮ್ಮೆ ಹತ್ತಿಸಿ ನೋಡಿ, ಆಮೇಲೆ ಒಂದೇ ಒಂದನ್ನು ಬದಲಿಸಿ ಇನ್ನೊಮ್ಮೆ ಹತ್ತಿಸುವುದು. ಪ್ಲಗ್ ಬಿಚ್ಚಿ ಅದರ ತುದಿ ಕಾಫಿ ಬಣ್ಣಕ್ಕಿದೆಯೋ ಬೆಳ್ಳಗಾಗಿದೆಯೋ ನೋಡಿ ಮಿಶ್ರಣ ಹೇಳುವ ಕಲೆ ಇದೇ ಮೆಕ್ಯಾನಿಕ್‌ಗಳಿಗೆ ಕರಗತವಾಗಿತ್ತು. ಪರೀಕ್ಷೆ ಮಾಡುವ ಬುದ್ಧಿ ಇತ್ತು. ಗಾಡಿ ಸಂಜೆಯೊಳಗೆ ಬೇಕು ಎನ್ನುವ ಗಿರಾಕಿಯ ಮುಂದೆ ಎರಡು ಸಲ ಬಿಚ್ಚಿ ಕೂರಿಸಲು ಪುರುಸೊತ್ತಿರಲಿಲ್ಲ, ಎರಡನೇ ಸಲದ ಕೂಲಿ ಕೊಡುವವರಿರಲಿಲ್ಲ. ಕೆರೆಯುವ ಕೆಲಸಕ್ಕೆ ಸರ್ವೀಸಿನ ದರ, ಕೊರೆಯುವ ಕೆಲಸಕ್ಕೆ ವಿದ್ಯೆಯ ದರ ಎಂಬುದನ್ನೂ ಮರೆಯಬಾರದು.

ಹಾಗಂತ ಪಶ್ಚಿಮ ಬೆಂಗಳೂರಿನ ಮೊಪೆಡ್ ಮಾರ್ಪಾಡು ಬರೀ ತಪ್ಪುಗಳ ಪಟ್ಟಿಯಲ್ಲ. ಎಂಜಿನ್ನಿನ ಒಳಗೆ ಕೈ ಹಾಕದವರು ಗೆದ್ದರು. ಹಾಲಿನ ಕ್ಯಾನು ತೂಗುಹಾಕುವ ಕೊಕ್ಕೆ, ಸಿಲಿಂಡರು ಕೂರಿಸುವ ಕಬ್ಬಿಣದ ಚೌಕಟ್ಟು, ಹಿಂದಿನ ಸೀಟು ಕಿತ್ತು ಬೆಸುಗೆ ಹಾಕಿದ ಕ್ಯಾರಿಯರ್ ಇವೆಲ್ಲ ವೆಲ್ಡಿಂಗ್ ಷೆಡ್ಡುಗಳ ಕೊಡುಗೆ. ಎಳೆತ ಬೇಕಾದವನು ಹಿಂಚಕ್ರದ ಸ್ಪ್ರಾಕೆಟ್ಟಿಗೆ ಎರಡು ಹಲ್ಲು ಹೆಚ್ಚಿನದನ್ನು ಹಾಕಿಸಿಕೊಂಡ. ಓಟ ಸ್ವಲ್ಪ ಕಡಿಮೆಯಾಯಿತು, ಏರು ಸಲೀಸಾಯಿತು, ಎಂಜಿನ್ನು ಮುಟ್ಟದೆ ಉಳಿಯಿತು. ಮೂರು ಪಿಕಪ್‌ಗಳಲ್ಲಿ ತನಗೆ ಬೇಕಾದದ್ದು ಯಾವುದು ಎಂದು ಅವನಿಗೆ ಗೊತ್ತಿತ್ತು, ಏಕೆಂದರೆ ಮೂಟೆ ಅವನ ಹಿಂದೆಯೇ ಇತ್ತು.

ಕಾನೂನು ಈ ಕಥೆಯಲ್ಲಿ ತಡವಾಗಿ ಬಂದ ಪಾತ್ರ. 1988ರ ಮೋಟಾರು ವಾಹನ ಕಾಯ್ದೆ 16 ವರ್ಷ ತುಂಬಿದವರಿಗೆ ಗೇರಿಲ್ಲದ ಗಾಡಿ ಓಡಿಸಲು ಬಿಟ್ಟಿತು; 1994ರ ತಿದ್ದುಪಡಿ ಅದನ್ನು 50 ಸಿಸಿ ಮೀರದ ಗಾಡಿ ಎಂದು ಬದಲಿಸಿತು. 50ರ ಅಂಚಿನಲ್ಲಿದ್ದ ಎಂಜಿನ್ನು ಸವೆದು ಒಂದು ಬೋರ್ ಮಾಡಿಸಿದರೆ ಆ ಅಂಚನ್ನು ದಾಟುತ್ತದೆ ಎಂಬುದು ಯಾವ ಕಾಲೇಜು ಹುಡುಗನ ತಲೆಗೂ ಬಂದಿರಲಾರದು. ನೋಂದಣಿ ಪತ್ರದಲ್ಲಿರುವುದಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸಬಾರದು ಎಂಬ 52ನೇ ಕಲಮು ಆಗಲೇ ಇತ್ತು. 2019ರ ತಿದ್ದುಪಡಿ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗಿನ ಸೆರೆ, ಇಲ್ಲವೇ ಎರಡನ್ನೂ ಸೇರಿಸಿತು. ಅಷ್ಟರಲ್ಲಿ ಟೂ ಸ್ಟ್ರೋಕಿನ ಕಾಲವೇ ಮುಗಿದಿತ್ತು. 2015ರಲ್ಲಿ 99.7 ಸಿಸಿಯ ಫೋರ್ ಸ್ಟ್ರೋಕ್ ಎಕ್ಸ್‌ಎಲ್ 100 ಬಂತು, 2017ರ ಏಪ್ರಿಲ್‌ನಲ್ಲಿ ಬಿಎಸ್-4 ನಿಯಮ ಹಳೆಯ ಎಂಜಿನ್ನುಗಳ ಬಾಗಿಲು ಮುಚ್ಚಿತು. ಹೊಸ ಎಂಜಿನ್ನಿನ ಸಿಲಿಂಡರಿನಲ್ಲಿ ಉಜ್ಜಲು ಪೋರ್ಟ್ ಕಿಂಡಿಗಳಿಲ್ಲ, ಪೆಟ್ರೋಲಿಗೆ ಕಲಸಲು ಎಣ್ಣೆಯಿಲ್ಲ. 2024ರಲ್ಲಿ ಲೂನಾ ಎಂಬ ಹೆಸರು ಬ್ಯಾಟರಿ ಹೊತ್ತು ಮರಳಿತು. ಅದರಲ್ಲಿ ಕೆರೆಯಲು ಕರಿಯೂ ಇಲ್ಲ. ಅಂಥ ಗಾಡಿಗೆ ಪಿಕಪ್ ಇಲ್ಲ ಎಂದು ದೂರು ಬಂದರೆ ಬಿಚ್ಚಬೇಕಾದದ್ದು ಕಂಟ್ರೋಲರಿನ ಡಬ್ಬಿಯನ್ನು, ಮತ್ತು ಅದನ್ನು ಬಿಚ್ಚಿದವನು ಪಕ್ಕದ ತುಕ್ಕು ಹಿಡಿದ ವೈರಿನ ತುದಿಯನ್ನೂ ಉಜ್ಜಿ ಒರೆಸಿಯೇ ಮರಳಿ ಸಿಕ್ಕಿಸುತ್ತಾನೆ.